ಪಿಛವಾಯಿಯ ವೃಂದಾವನ: ಭಾವ ಮತ್ತು ಸಂಕೇತ

ರಾಜಸ್ಥಾನದ ನಾಥದ್ವಾರದಲ್ಲಿ ಶ್ರೀನಾಥಜಿಯ ವಿಗ್ರಹದ ಹಿಂದೆ ತೂಗುಹಾಕುವ ಚಿತ್ರಿತ ವಸ್ತ್ರಕ್ಕೆ ಪಿಛವಾಯಿ ಎಂದು ಹೆಸರು. ಹಿಂದಿರುವುದು ಎಂಬ ಅರ್ಥವೇ ಆ ಪದದಲ್ಲಿದೆ. ಮೇಲ್ನೋಟಕ್ಕೆ ಇದು ಅಲಂಕಾರದ ಪರದೆಯಂತೆ ಕಂಡರೂ, ಅದರಲ್ಲಿ ಮೂಡಿದ ವನವು ಬಿಟ್ಟುಬಂದ ನೆಲವೊಂದರ ಸ್ಮೃತಿಯಾಗಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಲ್ಲಭಾಚಾರ್ಯರು (1479–1531) ಪ್ರವರ್ತಿಸಿದ ಪುಷ್ಟಿಮಾರ್ಗದ ಈ ಆರಾಧ್ಯಮೂರ್ತಿಯು ಮೊದಲು ವ್ರಜಭೂಮಿಯ ಗೋವರ್ಧನಗಿರಿಯಲ್ಲಿತ್ತು. ಔರಂಗಜೇಬನ ಆಳ್ವಿಕೆಯಲ್ಲಿ ಅದನ್ನು ಅಲ್ಲಿಂದ ಹೊರತರಲಾಯಿತು. ಮೇವಾಡದ ಮಹಾರಾಣಾ ರಾಜಸಿಂಹನ ಆಶ್ರಯದಲ್ಲಿ, 1672ರಲ್ಲಿ, ಬನಾಸ್ ನದಿಯ ಸಮೀಪದ ಸಿಹಾಡ ಗ್ರಾಮದಲ್ಲಿ ಅದು ನೆಲೆಗೊಂಡಿತು. ದೇವರೇನೋ ಬಂದ, ಯಮುನೆಯೂ ಗೋವರ್ಧನವೂ ಹಿಂದೆಯೇ ಉಳಿದವು. ಅರಾವಳಿಯ ಒಣನೆಲದಲ್ಲಿ ಅವುಗಳನ್ನು ಬಟ್ಟೆಯ ಮೇಲೆ ಮರಳಿ ಕಟ್ಟಿಕೊಟ್ಟವರು ಅಲ್ಲಿನ ಚಿತ್ರಕಾರರು.

ಈ ವನ ಸ್ಥಿರವಾದುದಲ್ಲ. ಸೇವೆಯ ಪಂಚಾಂಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಬೇಸಗೆಯಲ್ಲಿ ತಾವರೆಗಳು ತುಂಬಿದ ಕೊಳ ದೇವರಿಗೆ ತಂಪನ್ನೀಯುತ್ತದೆ. ಮಳೆಗಾಲದಲ್ಲಿ ಕಾರ್ಮೋಡ, ಮಿಂಚು, ಕುಣಿಯುವ ನವಿಲು ಕಾಣಿಸಿಕೊಳ್ಳುತ್ತವೆ. ಮೋಡ ಶ್ಯಾಮನ ಮೈಬಣ್ಣಕ್ಕೂ ಮಿಂಚು ಅವನ ಪೀತಾಂಬರಕ್ಕೂ ಸಂಕೇತ. ಶರತ್ ಪೂರ್ಣಿಮೆಯಂದು ಅದೇ ವನ ಬೆಳದಿಂಗಳ ರಾಸಮಂಡಲವಾಗುತ್ತದೆ.

ದಖ್ಖನಿನಲ್ಲಿ ನೆಲೆಸಿದ ಗುಜರಾತಿ ವರ್ತಕ ಭಕ್ತರಿಗಾಗಿ ರಚಿತವಾದ ಪಿಛವಾಯಿಗಳು ಈ ದೃಷ್ಟಿಯಿಂದ ಗಮನಾರ್ಹ. ಗಾಢವರ್ಣದ ಹತ್ತಿಬಟ್ಟೆಯ ಮೇಲೆ ಚಿನ್ನಬೆಳ್ಳಿಗಳಿಂದ ಗೋಪಿಯರನ್ನು ಬಿಡಿಸಿದ ಕೆಲವು ಕೃತಿಗಳಲ್ಲಿ ಕೃಷ್ಣನೇ ಇಲ್ಲ. ನಡುವೆ ಹೂಬಿಟ್ಟ ಕದಂಬವೊಂದಿದೆ. ಗೋಪಿಯರು ಇಕ್ಕೆಲದಿಂದ ಅದರತ್ತ ಮುಖಮಾಡಿದ್ದಾರೆ. ಇದು ಚಿತ್ರದ ಕೊರತೆಯಲ್ಲ. ಪೂಜೆಯ ಹೊತ್ತಿನಲ್ಲಿ ವಿಗ್ರಹವು ಆ ಮರದ ಮುಂದೆಯೇ ಇರುವುದರಿಂದ ಗೋಪಿಯರ ನೋಟಕ್ಕೆ ಗುರಿ ದೊರೆಯುತ್ತದೆ. ಹೀಗಾಗಿ ಈ ವನದ ಸ್ಥಾಯಿಭಾವ ನಿರೀಕ್ಷೆ. ಅದರ ಪೂರ್ಣತೆ ಇರುವುದು ಬಟ್ಟೆಯ ಹೊರಗೆ.

ಸಂಗ್ರಹಾಲಯದ ಗೋಡೆಗೇರಿದ ಪಿಛವಾಯಿಯಲ್ಲಿ ಈ ಸಂಬಂಧ ಕಡಿದುಹೋಗುತ್ತದೆ. ಆಗ ಮರ ಬರಿಯ ಮರವಾಗಿ, ನಿರೀಕ್ಷೆ ಶೂನ್ಯವಾಗಿ ತೋರುತ್ತದೆ. ಆದ್ದರಿಂದ ಇಂಥ ಕೃತಿಗಳನ್ನು ದಾಖಲಿಸುವಾಗ ಕಾಲ, ಅಳತೆ, ವರ್ಣಗಳನ್ನಷ್ಟೇ ನಮೂದಿಸಿದರೆ ಸಾಲದು. ಯಾವ ಋತುವಿನಲ್ಲಿ, ಯಾವ ಉತ್ಸವಕ್ಕೆ, ಯಾರ ಹಿಂದೆ ಅದು ತೂಗುತ್ತಿತ್ತು ಎಂಬುದನ್ನೂ ಗುರುತಿಸಬೇಕು. ಆಚರಣೆಯ ಜ್ಞಾನವಿಲ್ಲದೆ ಈ ವನದೊಳಕ್ಕೆ ದಾರಿಯಿಲ್ಲ.