ಹತ್ತೊಂಬತ್ತು ಮೆಟ್ಟಿಲು

ಲಂಡನ್ನಿನ ಪೂರ್ವಭಾಗದಲ್ಲಿ ಬೆತ್ನಲ್ ಗ್ರೀನ್ ಎಂಬ ನೆಲದಡಿಯ ರೈಲು ನಿಲ್ದಾಣವಿದೆ. ಅರಮನೆಗಳ ಲಂಡನ್ ಅಲ್ಲ ಇದು. ಮರಗೆಲಸ, ಹೊಲಿಗೆಕೆಲಸ ಮಾಡಿ ಬದುಕುವವರು ಒತ್ತೊತ್ತಾಗಿ ಬಾಳಿದ ಕೇರಿ. ಸೆಂಟ್ರಲ್ ಲೈನ್ ಮಾರ್ಗವನ್ನು ಪೂರ್ವಕ್ಕೆ ಚಾಚಲು 1936ರಲ್ಲಿ ಇಲ್ಲಿ ಕೆಲಸ ಆರಂಭವಾಯಿತು. ಅದು ಮುಗಿಯುವ ಮೊದಲೇ ಯುದ್ಧ ಬಂತು. ಹೀಗಾಗಿ ರೈಲಿಗಿಂತ ಮೊದಲು ಆ ನಿಲ್ದಾಣಕ್ಕೆ ಇಳಿದವರು, ಬಾಂಬಿಗೆ ಹೆದರಿದ ಜನ.

1940ರ ಅಕ್ಟೋಬರಿನಿಂದ ಅದು ಆಶ್ರಯತಾಣವಾಯಿತು. ಸಾಲುಸಾಲಾಗಿ 5000 ಮಂಚಗಳು. ಹೆಂಗಸರು ಹಾಸಿಗೆ ಸುತ್ತಿಕೊಂಡು, ಮಕ್ಕಳ ಕೈ ಹಿಡಿದು ಸಂಜೆಯೇ ಇಳಿಯುತ್ತಿದ್ದರು. ಒಳಗೆ ಶಿಶುವಿಹಾರ, ಉಪಾಹಾರದ ಅಂಗಡಿ, ನಾಟಕದ ವೇದಿಕೆ, ಗ್ರಂಥಾಲಯ ಕೂಡ ಇದ್ದವು. ಭೂಮಿಯೊಳಗೇ ಒಂದು ಊರು!

ಆದರೆ ಆ ಊರಿಗೆ ಬಾಗಿಲು ಒಂದೇ. ರಸ್ತೆಯ ಮೂಲೆಯಿಂದ 19 ಮೆಟ್ಟಿಲು ಇಳಿದು, ಒಂದು ಚಿಕ್ಕ ಜಾಗದಲ್ಲಿ ತಿರುಗಿ, ಮತ್ತೆ 7 ಮೆಟ್ಟಿಲು ಇಳಿದರೆ ಟಿಕೆಟ್ ಕೊಡುವ ಅಂಗಳ. ಅಲ್ಲಿಂದ ಇನ್ನೂ ಕೆಳಗೆ ಪ್ಲಾಟ್‌ಫಾರಂ. ಮೆಟ್ಟಿಲುಗಳ ನಡುವೆ ಹಿಡಿದುಕೊಳ್ಳಲು ಕಂಬಿಯಿರಲಿಲ್ಲ. ದೀಪವೋ, ಮಿಣುಕುವ ಒಂದೇ ಒಂದು ಬಲ್ಬು. ಪ್ರವೇಶದ್ವಾರವನ್ನು ಭದ್ರಪಡಿಸಲು ಸ್ಥಳೀಯ ಪೌರಸಭೆ 1941ರಲ್ಲೇ ಮೇಲಿನವರ ಅನುಮತಿ ಕೇಳಿತ್ತು. ಸಿಗಲಿಲ್ಲ.

1943ರ ಮಾರ್ಚ್ 3. ಮಳೆ ಬಿದ್ದು ಮೆಟ್ಟಿಲು ಒದ್ದೆಯಾಗಿದ್ದವು. ರಾತ್ರಿ 8.17ಕ್ಕೆ ಸೈರನ್ ಕೂಗಿತು. ಜನ ಇಳಿಯುತ್ತಿದ್ದಾಗ, ಹತ್ತಿರದ ವಿಕ್ಟೋರಿಯಾ ಪಾರ್ಕಿನಿಂದ ಅವರು ಅದುವರೆಗೆ ಕೇಳಿರದ ಭಾರಿ ಸದ್ದು. ಅದು ತಮ್ಮವರೇ ಹಾರಿಸಿದ ಹೊಸ ರಾಕೆಟ್ಟುಗಳೆಂದು ಯಾರಿಗೂ ತಿಳಿಯದು. ಕೆಳಗಿನ ಮೆಟ್ಟಿಲ ಬಳಿ ಒಬ್ಬ ಹೆಂಗಸು, ಮಗುವನ್ನೆತ್ತಿಕೊಂಡಿದ್ದಳೆನ್ನುತ್ತಾರೆ, ಎಡವಿ ಬಿದ್ದಳು. ಅವಳ ಮೇಲೆ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು. ಮೇಲಿದ್ದವರಿಗೆ ಕೆಳಗೇನಾಯಿತೆಂದು ಕಾಣದೆ ಒತ್ತುತ್ತಲೇ ಬಂದರು. ಸತ್ತವರು 173 ಮಂದಿ: 27 ಗಂಡಸರು, 84 ಹೆಂಗಸರು, 62 ಮಕ್ಕಳು. ಅಂದು ಆ ಕೇರಿಯ ಮೇಲೆ ಒಂದು ಬಾಂಬೂ ಬಿದ್ದಿರಲಿಲ್ಲ.

ಪತ್ರಿಕೆಗಳಲ್ಲಿ ಸ್ಥಳದ ಹೆಸರು ಬಾರದಂತೆ ಸರಕಾರ ನೋಡಿಕೊಂಡಿತು. ಲಾರೆನ್ಸ್ ಡನ್ ಎಂಬ ಮ್ಯಾಜಿಸ್ಟ್ರೇಟರ ವಿಚಾರಣಾ ವರದಿ 1945ರವರೆಗೆ ಗುಟ್ಟಾಗಿಯೇ ಉಳಿಯಿತು. ಜನ ಮನಸ್ಸಿನ ಹತೋಟಿ ತಪ್ಪಿದ್ದೇ ಮುಖ್ಯ ಕಾರಣವೆಂದು ಅದರಲ್ಲಿತ್ತು. ಕಂಕುಳಲ್ಲೊಂದು ಕೂಸು, ಕೈಯಲ್ಲೊಂದು ಗಂಟು ಹಿಡಿದು ಕತ್ತಲಲ್ಲಿ ಇಳಿದವಳಿಗೆ ಹತೋಟಿಯ ಪಾಠವೇ? ಅವಳಿಗೆ ಬೇಕಿದ್ದದ್ದು ಒಂದು ಕಂಬಿ, ಒಂದಿಷ್ಟು ಬೆಳಕು. ದುರಂತವಾದ ಮೇಲೆ ಕಂಬಿಗಳು ಬಂದವು. ಬೇಡವೆಂದವರ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

1946ರ ಡಿಸೆಂಬರಿನಲ್ಲಿ ಕೊನೆಗೂ ರೈಲು ಓಡಿತು. ಬದುಕುಳಿದವರು, ಸತ್ತವರ ಬಂಧುಗಳು ವರ್ಷಗಟ್ಟಲೆ ಹಣ ಕೂಡಿಸಿ, ಅಲ್ಲೇ ಪಕ್ಕದಲ್ಲಿ ಸ್ಮಾರಕ ಕಟ್ಟಿಸಿದರು. 2017ರಲ್ಲಿ ಅದು ಪೂರ್ಣವಾಯಿತು. ತಲೆಕೆಳಗಾಗಿ ತೂಗುವ ಮರದ ಮೆಟ್ಟಿಲಸಾಲು ಅದು. ಅದರ ಮೇಲೆ ಸತ್ತವರ ಹೆಸರುಗಳಿವೆ. ಚರಿತ್ರೆಯ ಪುಸ್ತಕಗಳು ಯುದ್ಧದ ಲೆಕ್ಕವನ್ನು ಬಾಂಬುಗಳಲ್ಲಿ ಕೊಡುತ್ತವೆ. ಇಲ್ಲಿ ಆ ಲೆಕ್ಕವನ್ನು ಮೆಟ್ಟಿಲುಗಳಲ್ಲಿ ಓದಬೇಕು.