ಪ್ರತಿಜ್ಞೆಯಲ್ಲಿ ದೇವರ ಹೆಸರು

ಬೆಳಗಿನ ಗಂಟೆಯಾದೊಡನೆ ಮಕ್ಕಳಿಂದ ಪ್ರತಿಜ್ಞೆ ಹೇಳಿಸುವ ನಾವು, ಅಂತಹ ಮಾತುಗಳಿಗೂ ಒಂದು ಚರಿತ್ರೆಯುಂಟೆಂಬುದನ್ನು ಮರೆತುಬಿಡುತ್ತೇವೆ. ಅಮೇರಿಕದ ಧ್ವಜಪ್ರತಿಜ್ಞೆ ಇದಕ್ಕೊಂದು ನಿದರ್ಶನ.

ಕೊಲಂಬಸನ ಯಾನಕ್ಕೆ ನಾನೂರು ವರ್ಷ ತುಂಬಿದ 1892ರಲ್ಲಿ, ಶಾಲೆಗಳ ಉತ್ಸವಕ್ಕೆಂದು ಅದನ್ನು ರಚಿಸಿದವರು ಫ್ರಾನ್ಸಿಸ್ ಬೆಲಾಮಿ. ಅವರು ಬ್ಯಾಪ್ಟಿಸ್ಟ್ ಪಾದ್ರಿ. ಆದರೂ ಅದರಲ್ಲಿ ದೇವರ ಹೆಸರಿರಲಿಲ್ಲ. ಧ್ವಜ, ಗಣರಾಜ್ಯ, ಎಲ್ಲರಿಗೂ ಸ್ವಾತಂತ್ರ್ಯ ಮತ್ತು ನ್ಯಾಯ, ಇಷ್ಟೇ ಅದರ ಸಾರ.

ಧ್ವಜವಂದನೆಯು ವಿಗ್ರಹಾರಾಧನೆಗೆ ಸಮಾನವೆಂದು ನಂಬಿದ ಯೆಹೋವನ ಸಾಕ್ಷಿಗಳ ಮಕ್ಕಳನ್ನು ಶಾಲೆಯಿಂದ ಹೊರಹಾಕಿದುದನ್ನು 1940ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. 1943ರ ಬಾರ್ನೆಟ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ತನ್ನನ್ನು ತಾನೇ ತಿದ್ದಿಕೊಂಡು, ಯಾವ ಮಗುವನ್ನೂ ಬಲವಂತಪಡಿಸಕೂಡದೆಂದಿತು.

ಬಳಿಕ ಬಂದುದು ಸೋವಿಯತ್ ಒಕ್ಕೂಟದೊಡನೆ ಶೀತಲ ಸಮರ. 1954ರ ಫೆಬ್ರವರಿಯಲ್ಲಿ ಪಾದ್ರಿ ಜಾರ್ಜ್ ಡೊಕರ್ಟಿಯವರು ಅಧ್ಯಕ್ಷ ಐಸೆನ್‌ಹೋವರರ ಸಮ್ಮುಖದಲ್ಲಿ ಪ್ರವಚನ ಮಾಡಿ, ಇಂತಹ ಪ್ರತಿಜ್ಞೆಯನ್ನು ಮಾಸ್ಕೋದ ಮಕ್ಕಳೂ ಹೇಳಬಹುದಲ್ಲವೆ ಎಂದರು. ಜೂನ್ 14ರಂದು ‘ದೇವರ ಅಧೀನದಲ್ಲಿ’ ಎಂಬ ಮಾತು ಶಾಸನದ ಮೂಲಕ ಸೇರಿತು. ಅದೂ ‘ಒಂದು ರಾಷ್ಟ್ರ’, ‘ಅವಿಭಾಜ್ಯ’ ಎಂಬ ಪದಗಳ ನಡುವೆ! ಪಾದ್ರಿಯೊಬ್ಬರು ಬಿಟ್ಟಿದ್ದುದನ್ನು ರಾಜ್ಯವೇ ತುಂಬಿತು.

2004ರಲ್ಲಿ ನಾಸ್ತಿಕ ತಂದೆಯೊಬ್ಬರ ದೂರು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತಾದರೂ, ಅವರಿಗೆ ದಾವೆ ಹೂಡುವ ಅಧಿಕಾರವಿಲ್ಲವೆಂದು ಮೂಲಪ್ರಶ್ನೆಯನ್ನು ಹಾಗೆಯೇ ಬಿಡಲಾಯಿತು. ಆ ಮಾತು ಉಳಿದಿದೆ. 1943ರ ತೀರ್ಪೂ ಉಳಿದಿದೆ.

ಅನ್ಯಭಾಷೆಯ ರಾಜ್ಯಗಳಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ಗಡಿನಾಡ ಅಧ್ಯಾಪಕರಾದ ನಮಗೆ ಈ ಎರಡನೆಯದರ ಬೆಲೆ ಬಲ್ಲದು. ಬಹುಮತವು ಪ್ರತಿಜ್ಞೆಗೆ ಪದವನ್ನು ಕೂಡಿಸಬಲ್ಲುದು. ಆದರೆ ಸಾಲಿನಲ್ಲಿ ಮೌನವಾಗಿ ನಿಂತ ಮಗುವೂ ಆ ರಾಷ್ಟ್ರದ್ದೇ.