ಪೌರಧನದ ಲೆಕ್ಕ

ಪುರಸಭೆಯೊಂದು ದೀಪದ ಕಂಬಗಳನ್ನಾಗಲಿ ರಸ್ತೆಯ ಜಲ್ಲಿಯನ್ನಾಗಲಿ ಕೊಳ್ಳಬೇಕಾದಾಗ ಅನುಸರಿಸತಕ್ಕ ಕ್ರಮವೊಂದು ಬಹುಕಾಲದಿಂದ ನಡೆದುಬಂದಿದೆ. ಮೊದಲು ಪ್ರಕಟಣೆ ಹೊರಡಬೇಕು. ಕಂಟ್ರಾಕ್ಟುದಾರರು ತಮ್ಮ ತಮ್ಮ ದರಗಳನ್ನು ಗುಟ್ಟಾಗಿ ಬರೆದು ಒಪ್ಪಿಸಬೇಕು. ಗೊತ್ತಾದ ದಿನ, ಗೊತ್ತಾದ ವೇಳೆಗೆ, ಎಲ್ಲರ ಎದುರಿನಲ್ಲಿ ಆ ದರಗಳನ್ನು ತೆರೆದು ನೋಡಿ, ಯೋಗ್ಯರಾದವರ ಪೈಕಿ ಕಡಮೆ ದರದವನಿಗೆ ಕೆಲಸವನ್ನು ವಹಿಸಬೇಕು. ನೋಡುವವರಿಗೆ ಇದು ಕೇವಲ ಕಛೇರಿಯ ವ್ಯವಹಾರ. ಇದರಲ್ಲಿ ರಸವೂ ಇಲ್ಲ, ರೋಚಕತೆಯೂ ಇಲ್ಲ. ಆದರೆ ಈ ಕ್ರಮವು ತಾನಾಗಿ ಹುಟ್ಟಿದುದಲ್ಲ. ಜನರು ಮೋಸಹೋಗಿ, ನಷ್ಟಪಟ್ಟು, ಎಚ್ಚತ್ತು ಕಲ್ಪಿಸಿಕೊಂಡುದು. ಕ್ರಮವೊಂದನ್ನು ಕಲ್ಪಿಸಿದ ಮಾತ್ರಕ್ಕೆ ಪೌರಧನವು ಸುರಕ್ಷಿತವಾಗುವುದೇ ಎಂಬ ಪ್ರಶ್ನೆಗೆ ಅಮೆರಿಕದ ನ್ಯೂಯಾರ್ಕ್ ನಗರದ ಚರಿತ್ರೆಯಲ್ಲಿ ಒಂದು ಸ್ಪಷ್ಟವಾದ ಉತ್ತರವಿದೆ. ಅದನ್ನು ಈಗ ವಿಚಾರಮಾಡೋಣ.

1852ರಲ್ಲಿ ಆ ನಗರಸಭೆಯ ಸದಸ್ಯರಿಗೆ ಜನರು ‘ನಲವತ್ತು ಮಂದಿ ಕಳ್ಳರು’ ಎಂದು ಹೆಸರಿಟ್ಟಿದ್ದರು. ಹೆಸರು ಸುಮ್ಮನೆ ಬಂದುದಲ್ಲ. ದಿಕ್ಕಿಲ್ಲದವರ ಶವಗಳನ್ನು ಹೂಳುವುದಕ್ಕಾಗಿ ವಾರ್ಡ್ ದ್ವೀಪದಲ್ಲಿ 69 ಎಕರೆ ನೆಲವನ್ನು ಸಭೆಯು ಕೊಂಡಿತು. ಅದಕ್ಕೆ ಕೇಳುತ್ತಿದ್ದ ಬೆಲೆ ಸುಮಾರು 30,000 ಡಾಲರು. ಸಭೆಯು ತೆತ್ತುದು 1,03,450 ಡಾಲರು. ಇಂತಹ ವ್ಯವಹಾರಗಳಿಂದ ರೋಸಿಹೋದ ಜನರು 1853ರಲ್ಲಿ ನಗರದ ಸನ್ನದನ್ನು ತಿದ್ದಿಸಿದರು. 250 ಡಾಲರಿಗೆ ಮೀರಿದ ಕೆಲಸವನ್ನೂ ಸರಬರಾಯಿಯನ್ನೂ ಮುಚ್ಚಿದ ಲಕೋಟೆಯ ದರಗಳನ್ನು ಕರೆದೇ ಕೊಡಬೇಕೆಂದು ವಿಧಿಯಾಯಿತು. ನಿಯಮವೇನೋ ಬಂದಿತು. ಆದರೆ ಆ ನಲವತ್ತು ಮಂದಿಯಲ್ಲಿ ಒಬ್ಬನಾಗಿದ್ದ ವಿಲಿಯಂ ಟ್ವೀಡ್ ಎಂಬಾತನು ನಿಯಮವನ್ನು ಮುರಿಯುವುದಕ್ಕಿಂತ ಅದನ್ನು ಬಳಸಿಕೊಂಡು ಹೋಗುವುದು ಸುಲಭವೆಂಬುದನ್ನು ಬೇಗನೆ ಕಂಡುಕೊಂಡನು.

ಅವನು ಕುರ್ಚಿ ಮಾಡುವವನೊಬ್ಬನ ಮಗ. ಟ್ಯಾಮನಿ ಹಾಲ್ ಎಂಬ ರಾಜಕೀಯ ಸಂಘದಲ್ಲಿ ಮೇಲೇರಿ, ಜಿಲ್ಲೆಯ ಹಣಕಾಸನ್ನು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕ ಮಂಡಲಿಯನ್ನು ಸೇರಿದನು. ನ್ಯಾಯಾಲಯಕ್ಕೊಂದು ಹೊಸ ಭವನವನ್ನು ಕಟ್ಟಿಸುವ ಹೊಣೆಯೂ ಆ ಮಂಡಲಿಯ ಪಾಲಿಗೆ ಬಂದಿತು. 1858ರಲ್ಲಿ ಅದಕ್ಕೆ ಗೊತ್ತುಮಾಡಿದ್ದ ಮೊತ್ತ 2,50,000 ಡಾಲರು. 1861ರಲ್ಲಿ ಕಟ್ಟಡವನ್ನು ಪ್ರಾರಂಭಿಸಿದರು. ಹತ್ತು ವರ್ಷ ಕಳೆಯುವ ವೇಳೆಗೆ ಖರ್ಚು 1 ಕೋಟಿ 20 ಲಕ್ಷ ಡಾಲರುಗಳನ್ನು ಮುಟ್ಟಿತ್ತು. ಕಟ್ಟಡವು ಮಾತ್ರ ಮುಗಿದಿರಲಿಲ್ಲ. 1867ರಲ್ಲಿ ಅಮೆರಿಕ ಸರ್ಕಾರವು ಅಲಾಸ್ಕ ದೇಶವನ್ನೆಲ್ಲ ರಷ್ಯದಿಂದ ಕೊಂಡುದು 72 ಲಕ್ಷ ಡಾಲರುಗಳಿಗೆ. ಒಂದು ನಗರದ ಒಂದು ಕಟ್ಟಡಕ್ಕೆ ಅದಕ್ಕಿಂತಲೂ ಎಷ್ಟೋ ಹೆಚ್ಚಾಯಿತು.

ಹಣವು ಹೋದ ಬಗೆ ಸರಳವಾದುದು. ಕಂಟ್ರಾಕ್ಟುದಾರನು ತನ್ನ ಬಿಲ್ಲನ್ನು ಹಿಗ್ಗಿಸಿ ಬರೆಯತಕ್ಕದ್ದು; ಹೆಚ್ಚಾದ ಭಾಗವನ್ನು ಅಧಿಕಾರದಲ್ಲಿದ್ದವರಿಗೆ ಹಿಂದಿರುಗಿಸತಕ್ಕದ್ದು. ಮೊದಲು ನೂರಕ್ಕೆ ಹದಿನೈದರಂತೆ ಇದ್ದ ಈ ಪಾಲು ಕಡೆಕಡೆಗೆ ಅರವತ್ತೈದಕ್ಕೆ ಏರಿತು. ಭವನಕ್ಕೆ ಬೇಕಾದ ಅಮೃತಶಿಲೆಯನ್ನು ಒದಗಿಸಿದುದು ಟ್ವೀಡನದೇ ಗಣಿ. ಮೂರು ಮೇಜು ಮತ್ತು ನಲವತ್ತು ಕುರ್ಚಿಗಳಿಗೆ ಲೆಕ್ಕದಲ್ಲಿ ಬರೆದಿದ್ದ ಬೆಲೆ 1,79,729 ಡಾಲರು. ಬಹುಮಟ್ಟಿಗೆ ಕಬ್ಬಿಣ ಮತ್ತು ಕಲ್ಲಿನಿಂದಲೇ ಎದ್ದ ಆ ಕಟ್ಟಡದಲ್ಲಿ ಬಡಗಿಯೊಬ್ಬನ ಒಂದು ತಿಂಗಳ ಕೆಲಸಕ್ಕೆ 3,60,751 ಡಾಲರು. ಗಾರೆಯವನೊಬ್ಬನ ಎರಡು ದಿನದ ಕೆಲಸಕ್ಕೆ 1,33,187 ಡಾಲರು. ಬೇಲಿಯೇ ಎದ್ದು ಹೊಲವನ್ನು ಮೇಯುತ್ತಿತ್ತು.

ಹಾಗಾದರೆ ಯಾರೂ ವಿಚಾರಿಸಲೇ ಇಲ್ಲವೇ ಎಂದು ಕೇಳಬಹುದು. ವಿಚಾರಿಸಿದರು, ಚರಿತ್ರೆಯ ಈ ಭಾಗವೇ ಹೆಚ್ಚು ಮನನಯೋಗ್ಯವಾದುದು. ಕಟ್ಟಡದ ಖರ್ಚನ್ನು ತನಿಖೆಮಾಡಲು ಒಂದು ಸಮಿತಿಯನ್ನು ನೇಮಿಸಿದರು. ಆ ಸಮಿತಿಯು ತನ್ನ ಕೆಲಸಕ್ಕೆಂದು 18,000 ಡಾಲರುಗಳಿಗೂ ಮಿಗಿಲಾಗಿ ವ್ಯಯಮಾಡಿ, ಎಲ್ಲವೂ ಸರಿಯಾಗಿದೆಯೆಂದು ವರದಿಯನ್ನು ಒಪ್ಪಿಸಿತು. ವರದಿ ಅಚ್ಚಾದುದು ಟ್ವೀಡನ ಮುದ್ರಣಾಲಯದಲ್ಲಿಯೇ. 1870ರಲ್ಲಿ ಹೊಸ ಸನ್ನದು ಬಂದಾಗ ಲೆಕ್ಕ ಪರಿಶೀಲನೆಗೆ ಮೂವರ ಮಂಡಲಿಯೊಂದು ಏರ್ಪಟ್ಟಿತು: ಮೇಯರ್ ಓಕಿ ಹಾಲ್, ಹಣಕಾಸಿನ ಅಧಿಕಾರಿ ರಿಚರ್ಡ್ ಕಾನಲಿ ಮತ್ತು ಟ್ವೀಡ್. ಆ ವರ್ಷದ ಮೇ 5ನೆಯ ತಾರೀಖು ಸೇರಿದ ಒಂದೇ ಸಭೆಯ ನಿರ್ಣಯದ ಬಲದಿಂದ 60 ಲಕ್ಷ ಡಾಲರುಗಳಿಗೆ ಮೀರಿದ ಬಿಲ್ಲುಗಳು ಮಂಜೂರಾದವು. ಸಭೆಯೆಂಬುದು ನಡೆಯಿತು, ನಿರ್ಣಯವೂ ಆಯಿತು, ರುಜುಗಳೂ ಬಿದ್ದವು; ಕೇಳುವುದಕ್ಕೆ ಹೊರಗಿನವರೊಬ್ಬರೂ ಇರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಚುನಾವಣೆಗೆ ಮುಂಚೆ ಜಾನ್ ಜೇಕಬ್ ಆಸ್ಟರ್ ಮೊದಲಾದ ಆರು ಮಂದಿ ಧನಿಕರು ಲೆಕ್ಕದ ಪುಸ್ತಕಗಳನ್ನು ಕೆಲವು ಗಂಟೆಗಳ ಕಾಲ ನೋಡಿ, ಅವನ್ನು ಪ್ರಾಮಾಣಿಕವಾಗಿ ಇಟ್ಟಿದ್ದಾರೆಂದು ಪ್ರಮಾಣಪತ್ರವನ್ನು ಕೊಟ್ಟರು.

ಜನರೂ ಸುಮ್ಮನಿದ್ದರು. ಅದಕ್ಕೆ ಕಾರಣವಿಲ್ಲದಿಲ್ಲ. ಖರ್ಚನ್ನು ತೆರಿಗೆಯಿಂದ ತುಂಬದೆ ಸಾಲದಿಂದ ತುಂಬುತ್ತಿದ್ದುದರಿಂದ ಯಾರ ಜೇಬಿಗೂ ಕೂಡಲೆ ಬಿಸಿ ತಟ್ಟಲಿಲ್ಲ. 1869ರಿಂದ 1871ರೊಳಗೆ ನಗರದ ಸಾಲವು ಎರಡರಷ್ಟಕ್ಕಿಂತಲೂ ಹೆಚ್ಚಾಯಿತೆಂಬುದು ಆಮೇಲೆ ತಿಳಿದ ಸಂಗತಿ. ಬಡವರಿಗೆ ಟ್ವೀಡನು ಚಳಿಗಾಲದಲ್ಲಿ ಧಾರಾಳವಾಗಿ ದಾನಮಾಡುತ್ತಿದ್ದನು. ತಮ್ಮದೇ ಹಣವು ತಮಗೆ ದಾನವಾಗಿ ಬರುತ್ತಿದೆಯೆಂಬುದು ಅವರಿಗೆ ಹೇಗೆ ತಾನೆ ತಿಳಿಯಬೇಕು?

ಗುಟ್ಟು ಒಡೆದುದು ಆಕಸ್ಮಿಕವಾಗಿ. ಈ ಕೂಟದ ಲೆಕ್ಕವನ್ನೆಲ್ಲ ಬಲ್ಲವನಾಗಿದ್ದ ಜೇಮ್ಸ್ ವಾಟ್ಸನ್ ಎಂಬ ಅಧಿಕಾರಿಯು 1871ರ ಜನವರಿಯಲ್ಲಿ ಹಿಮದ ಗಾಡಿಯ ಅಪಘಾತದಿಂದ ಮೃತನಾದನು. ಆಮೇಲೆ ಲೆಕ್ಕದ ಪುಸ್ತಕಗಳು ಮ್ಯಾಥ್ಯೂ ಒರೂರ್ಕ್ ಎಂಬ ಗುಮಾಸ್ತನ ಕೈಗೆ ಬಂದವು. ಅವನು ಬಾಬುಗಳನ್ನು ಒಂದೊಂದಾಗಿ ನಕಲುಮಾಡಿಕೊಂಡನು. ಕೂಟದೊಡನೆ ಜಗಳವಾಡಿದ್ದ ಮಾಜಿ ಷೆರಿಫ್ ಜೇಮ್ಸ್ ಓಬ್ರಿಯನ್ ಕೂಡ ಅಂತಹ ನಕಲುಗಳನ್ನು ಸಂಪಾದಿಸಿದ್ದನು. ಎರಡೂ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯನ್ನು ಸೇರಿದವು. ಅಚ್ಚುಮಾಡದಿರಲು ಪತ್ರಿಕೆಯ ಒಡೆಯ ಜಾರ್ಜ್ ಜೋನ್ಸ್ ಅವರಿಗೆ ಭಾರಿ ಮೊತ್ತದ ಆಮಿಷವನ್ನು ಒಡ್ಡಿದರು, ಅವರು ಒಪ್ಪಲಿಲ್ಲ. 1871ರ ಜುಲೈ ತಿಂಗಳಲ್ಲಿ ಲೆಕ್ಕವು ಪ್ರಕಟವಾಯಿತು. ಅದರಲ್ಲಿ ಬೈಗುಳಕ್ಕಿಂತ ಹೆಚ್ಚು ಪ್ರಬಲವಾಗಿದ್ದುದು ಬರಿಯ ಪಟ್ಟಿ: ತಾರೀಖು, ಹೆಸರು, ಕೆಲಸ, ಮೊತ್ತ. ಇಂಗ್ಲಿಷ್ ಅರಿಯದ ಪೌರರಿಗಾಗಿ ಜರ್ಮನ್ ಭಾಷೆಯಲ್ಲಿಯೂ ಅದನ್ನು ಅಚ್ಚುಹಾಕಿದರು. ಓದಲಾರದವರಿಗೆ ಥಾಮಸ್ ನ್ಯಾಸ್ಟ್ ಅವರ ವ್ಯಂಗ್ಯಚಿತ್ರಗಳೇ ಸಾಕಾದವು.

ಸೆಪ್ಟೆಂಬರ್ 4ರಂದು ಕೂಪರ್ ಯೂನಿಯನ್ ಎಂಬ ವಿದ್ಯಾಸಂಸ್ಥೆಯ ಸಭಾಂಗಣದಲ್ಲಿ ಪೌರರ ಬಹಿರಂಗ ಸಭೆ ಸೇರಿತು. ಅಲ್ಲಿ ಎಪ್ಪತ್ತು ಮಂದಿಯ ಸಮಿತಿಯೊಂದು ಏರ್ಪಟ್ಟಿತು. ಕೆಲವೇ ದಿನಗಳಲ್ಲಿ ಹಣಕಾಸಿನ ಕಛೇರಿಯಿಂದ ಸಾವಿರಾರು ಓಚರುಗಳು ಕಳವಾದವು. ಆದರೂ ಸ್ಯಾಮ್ಯುಯೆಲ್ ಟಿಲ್ಡನ್ ಅವರು ಬ್ಯಾಂಕಿನ ಲೆಕ್ಕಗಳನ್ನು ಹಿಡಿದು, ನಗರದ ಹಣವು ಕಂಟ್ರಾಕ್ಟುದಾರನ ಖಾತೆಗೆ ಬಂದು ಅಲ್ಲಿಂದ ಯಾರ ಖಾತೆಗೆ ಹೋಯಿತೆಂಬುದನ್ನು ಜಾಡುಹಿಡಿದು ತೋರಿಸಿದರು. ಆಂಡ್ರ್ಯೂ ಗ್ರೀನ್ ಅವರು ಖಜಾನೆಯ ಆಡಳಿತವನ್ನು ವಹಿಸಿಕೊಂಡು ಬಿಲ್ಲುಗಳನ್ನು ಪರೀಕ್ಷಿಸತೊಡಗಿದರು. 1873ರಲ್ಲಿ ಟ್ವೀಡನು ಅಪರಾಧಿಯೆಂದು ತೀರ್ಮಾನವಾಯಿತು. 1875ರಲ್ಲಿ ತಪ್ಪಿಸಿಕೊಂಡು ಸ್ಪೇನಿನವರೆಗೆ ಹೋದರೂ ಹಿಂದಕ್ಕೆ ತರಲ್ಪಟ್ಟು, 1878ರ ಏಪ್ರಿಲ್ 12ರಂದು ಸೆರೆಮನೆಯಲ್ಲಿಯೇ ತೀರಿಕೊಂಡನು. ಕೂಟವು ಅಪಹರಿಸಿದ ಧನವು ಎರಡೂವರೆ ಕೋಟಿಯಿಂದ ನಾಲ್ಕೂವರೆ ಕೋಟಿ ಡಾಲರುಗಳವರೆಗೆ ಇರಬಹುದೆಂದು 1877ರ ವಿಚಾರಣಾ ಸಮಿತಿಯ ಅಂದಾಜು. ಮರಳಿ ಬಂದುದು ಅದರ ಅಲ್ಪಾಂಶ.

ಈ ವೃತ್ತಾಂತದಿಂದ ನಾವು ಗ್ರಹಿಸಬೇಕಾದುದೇನು? ಟೆಂಡರಿನ ವಿಧಿ ಇತ್ತು, ತನಿಖೆಯ ಸಮಿತಿ ಇತ್ತು, ಲೆಕ್ಕದ ಮಂಡಲಿ ಇತ್ತು, ದೊಡ್ಡವರ ಪ್ರಮಾಣಪತ್ರವೂ ಇತ್ತು. ಇವುಗಳಲ್ಲಿ ಒಂದಾದರೂ ನಗರವನ್ನು ಕಾಪಾಡಲಿಲ್ಲ. ಕಾಪಾಡಿದುದು ಗುಮಾಸ್ತನೊಬ್ಬನ ನಕಲು, ಅದನ್ನು ಅಚ್ಚುಹಾಕಿದ ಧೈರ್ಯ, ಅದನ್ನು ಓದಿ ಸಭೆ ಸೇರಿದ ಜನ, ಸಭೆಯ ಉತ್ಸಾಹವು ಆರಿದಮೇಲೂ ಕುಳಿತು ಅಂಕಿಗಳನ್ನು ಕೂಡಿದ ಕೆಲವರ ತಾಳ್ಮೆ. ವಿಧಿಗಳು ಬೇಡವೆಂದು ಇದರ ಅರ್ಥವಲ್ಲ. ಲಕೋಟೆಯನ್ನು ಎಲ್ಲರ ಎದುರಿನಲ್ಲಿ ಒಡೆಯಬೇಕೆಂದು ವಿಧಿಸಿದವರು, ಎದುರಿನಲ್ಲಿ ಯಾರಾದರೂ ಇದ್ದೇ ಇರುತ್ತಾರೆಂದು ನಂಬಿದ್ದರು. ಆ ನಂಬಿಕೆಯನ್ನು ಉಳಿಸಿಕೊಡುವ ಭಾರವು ಪೌರರದು.

ಆ ಭವನವು ನ್ಯೂಯಾರ್ಕಿನ ನಗರಸಭೆಯ ಹಿಂಬದಿಯಲ್ಲಿ ಇಂದಿಗೂ ನಿಂತಿದೆ. ಅದು ಚೆಲುವಾದ ಕಟ್ಟಡವೆಂದೇ ನೋಡಿದವರು ಹೇಳುತ್ತಾರೆ. ನಮ್ಮ ನಮ್ಮ ಊರಿನ ಪುರಸಭೆಯು ಜಮಾಖರ್ಚಿನ ಪಟ್ಟಿಯನ್ನು ಪ್ರಕಟಿಸಿದಾಗ, ಅದರ ಸಭೆ ಸೇರಿದಾಗ, ಒಂದು ಗಳಿಗೆ ನಿಂತು ಓದುವುದಕ್ಕೂ ಕೇಳುವುದಕ್ಕೂ ಬೇಸರಪಡದವರು ಒಂದಿಬ್ಬರಾದರೂ ಇದ್ದರೆ, ಅಂತಹ ಚೆಲುವಿಗೆ ನಾವು ಅಷ್ಟು ಬೆಲೆಯನ್ನು ತೆರಬೇಕಾಗಲಾರದು.